ಮೆಕಾಂಗ್ ದಾಟಿ ಬಂದ ಐದು ವರ್ಷ

ಅವ್ವ ಮೂರು ತಿಂಗಳಿಗೊಂದು ಸಲ ಫೋನಿನಲ್ಲಿ ತಪ್ಪದೆ ಕೇಳುತ್ತಿದ್ದಳು: "ದಾಟ್ಕಂಡ್ ಬಂದ್ಯಾ ಮಗ?" ಬಂದೆ ಕಣವ್ವ ಅಂದರೆ ಸಾಕು, ಮಿಕ್ಕ ಮಾತೆಲ್ಲ ಆಮೇಲೆ. ಥಾಯ್ಲೆಂಡಿಗೂ ಲಾವೋಸಿಗೂ ನಡುವೆ ಹರಿಯುವ ಮೆಕಾಂಗ್ ನದಿಯನ್ನು ಅವಳು ನೋಡಿದವಳಲ್ಲ. ಮಳೆಗಾಲದ ಕಾವೇರಿಯಂಥದ್ದೊಂದನ್ನು ಮಗ ದೋಣಿಯಲ್ಲಿ ದಾಟುತ್ತಾನೆ ಎಂದೇ ಬಹಳ ದಿನ ತಿಳಿದಿದ್ದಳು. ಸೇತುವೆ ಇದೆ, ಬಸ್ಸು ಹೋಗುತ್ತದೆ ಎಂದು ಹೇಳಿದ ಮೇಲೂ ಅವಳ ಗಾಬರಿ ಇಳಿಯಲಿಲ್ಲ. ಅದು ನೀರಿನ ಗಾಬರಿಯಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಆಚೆ ಹೋದವನನ್ನು ಈಚೆಯವರು ಒಳಗೆ ಬಿಡದಿದ್ದರೆ ಅನ್ನುವುದು ಅವಳ ಚಿಂತೆ. ನನ್ನದೂ ಅದೇ ಆಗಿತ್ತು.

ನನ್ನ ಹೆಂಡತಿ ಥಾಯ್ಲೆಂಡಿನ ಈಶಾನ್ಯ ಭಾಗದವಳು. ಅಲ್ಲಿನವರು ಆ ಸೀಮೆಯನ್ನು ಈಸಾನ್ ಅನ್ನುತ್ತಾರೆ, ನಮ್ಮ 'ಈಶಾನ್ಯ'ವೇ ಅದು. ಮುಕ್ದಾಹಾನ್ ಪಟ್ಟಣದಿಂದ ಮುಕ್ಕಾಲು ಗಂಟೆ ದಾರಿಯ ಒಂದು ಹಳ್ಳಿ. ಓದಲು ಮೈಸೂರಿಗೆ ಬಂದಿದ್ದಳು, ಅಲ್ಲೇ ಪರಿಚಯ. 2014ರಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸು ಕೊಟ್ಟು, 30 ದಿನ ಕಾದು, ಮೈಸೂರಿನಲ್ಲೇ ಮದುವೆ ನೋಂದಾಯಿಸಿದೆವು. ಬೆಂಗಳೂರಲ್ಲಿ ಮನೆ ಮಾಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವಳ ತಂದೆಗೆ ಲಕ್ವ ಹೊಡೆಯಿತು. ಈಸಾನ್ ಹಳ್ಳಿಗಳಲ್ಲಿ ತಂದೆತಾಯಿಯನ್ನು ನೋಡಿಕೊಳ್ಳುವವಳು ಕಿರಿಯ ಮಗಳು. ಗಂಡನಾದವನು ಅವಳ ಮನೆಗೆ ಬಂದಿರುತ್ತಾನೆ. ಇವಳೇ ಕಿರಿಯವಳು. ನಮ್ಮಪ್ಪನಿಗೆ ಇದನ್ನು ಬಿಡಿಸಿ ಹೇಳುವ ಕಷ್ಟ ನನಗೆ ಬರಲಿಲ್ಲ. ಮಂಡ್ಯದ ಕಡೆ ಮನೆಅಳಿಯತನ ಗೊತ್ತಿಲ್ಲದವರು ಯಾರು? "ಮುದುಕ ಬಿದ್ದವ್ನೆ, ಹೋಗು" ಎಂದಷ್ಟೇ ಅಂದರು.

ಹೋಗು ಎಂದು ಅಪ್ಪ ಹೇಳಿದರೆ ಸಾಲದು, ಥಾಯ್ ಸರ್ಕಾರವೂ ಬಾ ಎನ್ನಬೇಕಲ್ಲ.

ಮೈಸೂರಿನ ವಿವಾಹ ಪ್ರಮಾಣಪತ್ರಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣ, ಆಮೇಲೆ ಥಾಯ್ ಕಡೆಯ ದೃಢೀಕರಣ, ಥಾಯ್ ಭಾಷೆಗೆ ಅನುವಾದ, ಆ ಅನುವಾದವನ್ನು ಬ್ಯಾಂಕಾಕಿನ ಚೇಂಗ್ ವತ್ತಾನ ರಸ್ತೆಯಲ್ಲಿರುವ ಅವರ ವಿದೇಶಾಂಗ ಇಲಾಖೆಯ ಕಚೇರಿಯಲ್ಲಿ ಮಾನ್ಯ ಮಾಡಿಸುವುದು, ಕೊನೆಗೆ ಹೆಂಡತಿಯ ಊರಿನ 'ಅಂಫೋ'ದಲ್ಲಿ, ಅಂದರೆ ನಮ್ಮ ತಾಲ್ಲೂಕು ಕಚೇರಿಯಂಥದ್ದರಲ್ಲಿ, ದಾಖಲು ಮಾಡಿಸುವುದು. ಹೊರದೇಶದಲ್ಲಿ ಆದ ಮದುವೆಗೆ ಅಲ್ಲಿ ಕೊಡುವ ಪತ್ರದ ಹೆಸರು 'ಖೋ ರೋ 22'. ಥಾಯ್‌ನಲ್ಲೇ ಮದುವೆಯಾದವರಿಗೆ ಬೇರೆ ನಮೂನೆ. ಈ 22ನ್ನು ಮಾಡಿಸದೆ ಬರೀ ಭಾರತದ ಪ್ರಮಾಣಪತ್ರ ಹಿಡಿದುಕೊಂಡು ಬಂದವರು ಮುಂದೆ ಪರದಾಡುತ್ತಾರೆ. ಯಾರಾದರೂ ನನ್ನ ದಾರಿ ಹಿಡಿಯುವವರಿದ್ದರೆ ಮೊದಲು ಈ ಕೆಲಸ ಮುಗಿಸಿ.

ಅಂಫೋದ ಆ ಕಾಗದದ ಮೇಲೆ ಹೆಂಡತಿ ಬೆರಳಿಟ್ಟು ಓದಿ ತೋರಿಸಿದ ಒಂದು ಪದ ಇವತ್ತಿಗೂ ನೆನಪಿದೆ. ಮದುವೆಗೆ ಥಾಯ್ ಕಾನೂನಿನ ಮಾತು 'ಸೊಮ್ರೋತ್'. ಅಕ್ಷರ ಬಿಡಿಸಿದರೆ ಸಮ-ರಸ. ನಮ್ಮ ಸಮರಸ! ಹೆಂಡತಿ 'ಫನ್ರಯಾ', ಭಾರ್ಯಾ. ಗಂಡ 'ಸಾಮೀ', ಸ್ವಾಮಿ. ನಾಲಗೆಗೆ ಹೊಸದಾಗಿದ್ದ ಊರಿನಲ್ಲಿ, ಸರ್ಕಾರಿ ಕಾಗದದೊಳಗೆ ಇಂಥ ಪದಗಳು ಕಂಡಾಗ ಯಾರೋ ನಮ್ಮ ಕಡೆಯವರು ಸಿಕ್ಕಂತಾಯಿತು. ಮುಂದೆ ಎಷ್ಟೋ ಕೌಂಟರುಗಳ ಮುಂದೆ ನಿಂತಾಗ ಫಾರಮ್ಮಿನಲ್ಲಿ ಆ ಸಮರಸವನ್ನೇ ಹುಡುಕುತ್ತಿದ್ದೆ.

ಥಾಯ್ ಪ್ರಜೆಯನ್ನು ಮದುವೆಯಾದವರಿಗೆ ಅಲ್ಲಿರಲು ಆಗ ಇದ್ದ ದಾರಿ ಮುಖ್ಯವಾಗಿ ಎರಡು. ಒಂದು, 'ನಾನ್-ಇಮಿಗ್ರಂಟ್ ಓ' ವೀಸಾದಲ್ಲಿ ಒಳಗೆ ಬಂದು, ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ ವರ್ಷ ವರ್ಷ ವಾಸದ ಅವಧಿ ವಿಸ್ತರಿಸಿಕೊಳ್ಳುವುದು. ಇದಕ್ಕೆ ಥಾಯ್ ಬ್ಯಾಂಕಿನಲ್ಲಿ 4,00,000 ಬಾತ್ ಇರಬೇಕು, ಅದೂ ಅರ್ಜಿಗೆ ಮೊದಲು ಎರಡು ತಿಂಗಳು ಕದಲದೆ. ಇಲ್ಲವೇ ತಿಂಗಳಿಗೆ 40,000 ಬಾತ್ ವರಮಾನ ತೋರಿಸಬೇಕು. ಇನ್ನೊಂದು, ಅದೇ 'ಓ' ವೀಸಾವನ್ನು ಒಂದು ವರ್ಷಕ್ಕೆ, ಎಷ್ಟು ಸಲ ಬೇಕಾದರೂ ಒಳಬರುವಂತೆ ಪಡೆಯುವುದು. ಆದರೆ ಪ್ರತಿ ಸಲ ಒಳಗೆ ಬಂದಾಗ ಕೊಡುವುದು 90 ದಿನ ಮಾತ್ರ. ಮುಗಿಯುವ ಮುಂಚೆ ದೇಶ ಬಿಡಬೇಕು, ಮತ್ತೆ ಬರಬೇಕು. ಅಲ್ಲಿರುವ ಹೊರದೇಶದವರು ಇದನ್ನು ಬಾರ್ಡರ್ ರನ್ ಅನ್ನುತ್ತಾರೆ.

4 ಲಕ್ಷ ಬಾತ್ ಅಂದರೆ ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳೂವರೆ ಲಕ್ಷ ರೂಪಾಯಿ. ಕೆಲಸ ಬಿಟ್ಟು ಬಂದಿದ್ದೆ. ಮಾವನವರ ಆರೈಕೆಗೆ ದುಡ್ಡು ಹರಿಯುತ್ತಿತ್ತು. ಅಷ್ಟನ್ನು ಬ್ಯಾಂಕಿನಲ್ಲಿ ಸುಮ್ಮನೆ ಮಲಗಿಸುವ ಶಕ್ತಿ ನಮಗಿರಲಿಲ್ಲ. ಹಾಗಾಗಿ ಎರಡನೆಯ ದಾರಿ. ಯುರೋಪಿನ ಹಲವು ದೇಶದವರಿಗೆ ಆಗಲೇ ವೀಸಾ ಇಲ್ಲದೆ 30 ದಿನ ಒಳಗೆ ಬರುವ ಅನುಕೂಲವಿತ್ತು. ಭಾರತದ ಪಾಸ್‌ಪೋರ್ಟಿಗೆ ಗಡಿಯಲ್ಲಿ ದುಡ್ಡು ಕಟ್ಟಿದರೂ ಸಿಗುತ್ತಿದ್ದದ್ದು 15 ದಿನ. ನಮ್ಮವರಿಗೆ ವೀಸಾ ಇಲ್ಲದ ಪ್ರವೇಶ ಬಂದದ್ದು 2023ರ ನವೆಂಬರಿನಲ್ಲಿ. ಆದ್ದರಿಂದ ಆ 'ಓ' ವೀಸಾ ನನಗೆ ಇನ್ನೊಂದು ಆಯ್ಕೆಯಾಗಿರಲಿಲ್ಲ, ಇದ್ದ ಒಂದೇ ಬಾಗಿಲು ಅದು.

ಮೊದಲ ಸಲ ಚೆನ್ನೈನ ಥಾಯ್ ಕಾನ್ಸುಲೇಟಿನಿಂದ ಒಂದೇ ಪ್ರವೇಶದ ವೀಸಾ ಹಿಡಿದು 2015ರಲ್ಲಿ ಬಂದೆ. ಆ 90 ದಿನ ಮುಗಿಯುವ ಹೊತ್ತಿಗೆ ಲಾವೋಸಿನ ಸವನ್ನಖೇತ್‌ಗೆ ಹೊರಟೆ. ಅಲ್ಲಿನ ಥಾಯ್ ಕಾನ್ಸುಲೇಟು ಮದುವೆಯಾದವರಿಗೆ ಬ್ಯಾಂಕಿನ ಲೆಕ್ಕ ಕೇಳದೆ ಒಂದು ವರ್ಷದ ವೀಸಾ ಕೊಡುತ್ತದೆ ಎಂದು ಹಳಬರಿಗೆಲ್ಲ ಗೊತ್ತಿತ್ತು. ದೂರದ ಪಟ್ಟಾಯ, ಫುಕೆಟ್‌ನಿಂದೆಲ್ಲ ಬಸ್ಸು ಹಿಡಿದು ಬರುವವರಿದ್ದರು. ನಮ್ಮ ಹಳ್ಳಿಗೆ ಅದು ಪಕ್ಕದ ಊರು. ಆ ವಿಷಯದಲ್ಲಿ ನಾನು ಪುಣ್ಯವಂತ.

ಹೊರಡುವ ಹಿಂದಿನ ರಾತ್ರಿ ಹೆಂಡತಿ ನೀಲಿ ಪೆನ್ನು ಹಿಡಿದು ಕೂತಳು. ಅವಳ ಗುರುತಿನ ಚೀಟಿಯ ಜೆರಾಕ್ಸ್, ಮನೆಯ ನೋಂದಣಿ ಪುಸ್ತಕ 'ತಬಿಯನ್ ಬಾನ್'ನ ಜೆರಾಕ್ಸ್, ಖೋ ರೋ 22ರ ಜೆರಾಕ್ಸ್. ಒಂದೊಂದರ ಮೇಲೂ 'ಸಮ್ನಾವ್ ಥೂಕ್ ತೋಂಗ್', ನಕಲು ಸರಿಯಿದೆ, ಎಂದು ಕೈಯಾರೆ ಬರೆದು ರುಜು. ಥಾಯ್ ಕಚೇರಿಗಳಲ್ಲಿ ಇದಿಲ್ಲದ ಕಾಗದ ಕಾಗದವೇ ಅಲ್ಲ. ಅವಳು ಬರೆಯುವುದನ್ನು ನೋಡುತ್ತ ನನಗೆ ಮನಸ್ಸು ಭಾರವಾಯಿತು. ನಾನು ಆ ಮನೆಯಲ್ಲಿರುವುದು ಅವಳ ರುಜುವಿನ ಮೇಲೆ. ಅವಳಿಗೆ ಏನಾದರೂ ಆದರೆ, ಅಥವಾ ನಮ್ಮಿಬ್ಬರ ನಡುವೆ ಏನಾದರೂ ಬಂದರೆ, ನನಗೆ ಅಲ್ಲಿ ನಿಲ್ಲಲು ಕಾಲಿಡುವಷ್ಟು ಜಾಗ ಇಲ್ಲ. ಇದನ್ನು ಹೇಳಿದಾಗ ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. "ಮೈಸೂರಿನಲ್ಲಿ ನಾನೂ ಹೀಗೇ ಇದ್ದೆ" ಅಂದಳು, ಕನ್ನಡದಲ್ಲಿ.

ಮುಕ್ದಾಹಾನ್ ಬಸ್ ನಿಲ್ದಾಣದಿಂದ ಸವನ್ನಖೇತ್‌ಗೆ ಬಸ್ಸು ಓಡಾಡುತ್ತಲೇ ಇರುತ್ತದೆ, ಟಿಕೆಟ್ಟು ಐವತ್ತು ಬಾತಿನ ಆಸುಪಾಸು. ಮಧ್ಯೆ ಎರಡನೆಯ ಥಾಯ್–ಲಾವೋ ಸ್ನೇಹ ಸೇತುವೆ. 2006ರ ಡಿಸೆಂಬರಿನಲ್ಲಿ ತೆರೆದದ್ದು, ಉದ್ದ 1.6 ಕಿಲೋಮೀಟರು. ಅದರ ಮೇಲೆ ನಡೆದು ದಾಟುವ ಹಾಗಿಲ್ಲ, ವಾಹನದಲ್ಲೇ ಹೋಗಬೇಕು. ಥಾಯ್ ತುದಿಯಲ್ಲಿ ಇಳಿದು ನಿರ್ಗಮನದ ಸೀಲು, ಮತ್ತೆ ಬಸ್ಸು ಹತ್ತಿ ನದಿ ದಾಟುವುದು, ಲಾವೋಸಿನ ಕಡೆ ಇಳಿದು ಅವರ ವೀಸಾ. ಥಾಯ್ಲೆಂಡಿನಲ್ಲಿ ವಾಹನಗಳು ನಮ್ಮ ಹಾಗೆ ಎಡಕ್ಕೆ, ಲಾವೋಸಿನಲ್ಲಿ ಬಲಕ್ಕೆ. ದಾರಿಯಲ್ಲಿ ಒಂದು ಕಡೆ ಬಸ್ಸು ಮಗ್ಗುಲು ಬದಲಿಸುತ್ತದೆ. ಥಾಯ್ ಹೆಂಗಸರು, ಲಾವೋಸಿನ ವ್ಯಾಪಾರಿಗಳು ಗಡಿ ಪಾಸು ತೋರಿಸಿ ಚೀಲ ಹೊತ್ತು ಸರಸರ ಹೋಗುತ್ತಾರೆ. ನಾನು ಫಾರಂ ತುಂಬಿ, ಫೋಟೋ ಅಂಟಿಸಿ, ಡಾಲರು ಎಣಿಸಿ ಕೊಡುವಷ್ಟರಲ್ಲಿ ಹತ್ತಿಬಂದ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಲಾವೋಸಿನ ವೀಸಾಕ್ಕೆ ಡಾಲರನ್ನೇ ಒಯ್ಯುವುದು ಒಳ್ಳೆಯದು, ಬಾತಿನಲ್ಲಿ ಕೊಟ್ಟರೆ ಹೆಚ್ಚು ಬೀಳುತ್ತದೆ.

ಆಗ ಕಾನ್ಸುಲೇಟಿನಲ್ಲಿ ಬೆಳಗ್ಗೆ ಅರ್ಜಿ ಕೊಟ್ಟರೆ ಮರುದಿನ ಮಧ್ಯಾಹ್ನ ಪಾಸ್‌ಪೋರ್ಟು ಸಿಗುತ್ತಿತ್ತು. ಶುಲ್ಕ 5,000 ಬಾತ್. ನಡುವೆ ಒಂದು ರಾತ್ರಿ ಆ ಊರಿನಲ್ಲಿ ಕಳೆಯಲೇಬೇಕಿತ್ತು. ಸವನ್ನಖೇತ್ ನಿಧಾನದ ಊರು. ಫ್ರೆಂಚರ ಕಾಲದ ಹಳದಿ ಗೋಡೆಯ ಮನೆಗಳು, ಸೇಂಟ್ ತೆರೆಸಾ ಚರ್ಚು, ಅದರ ಮುಂದಿನ ಚೌಕದಲ್ಲಿ ಸಂಜೆ ತಿಂಡಿಯಂಗಡಿಗಳು. ಹೊಳೆದಂಡೆಗೆ ಬಂದು ಕೂತೆ. ಈ ದಡ ಪೂರ್ವ, ಆ ದಡ ಪಶ್ಚಿಮ. ಸೂರ್ಯ ಮುಳುಗುವುದು ಮುಕ್ದಾಹಾನ್ ಮೇಲೆ. ಅಲ್ಲಿನ ಮನೆಗಳಲ್ಲಿ ದೀಪ ಹತ್ತಿಕೊಂಡವು. ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಪಾಸ್‌ಪೋರ್ಟು ಯಾರದೋ ಮೇಜಿನ ಮೇಲಿದೆ. ಆ ಸಂಜೆಯ ಹಾಗೆ ಊರು ನನಗೆ ಬೇಕು ಅನ್ನಿಸಿದ್ದು ಅದಕ್ಕೆ ಮುಂಚೆ ಇರಲಿಲ್ಲ.

90 ದಿನದ ಲೆಕ್ಕ ಮೂರು ತಿಂಗಳ ಲೆಕ್ಕವಲ್ಲ. ಒಳಗೆ ಬಂದ ದಿನವೇ ಒಂದನೆಯ ದಿನ. ತಿಂಗಳಿಗೆ 31 ಬಂದರೆ ದಿನ ಜಾರುತ್ತದೆ. ಮೀರಿದರೆ ದಿನಕ್ಕೆ 500 ಬಾತ್ ದಂಡ, ಹೆಚ್ಚೆಂದರೆ 20,000. 2016ರ ಮಾರ್ಚಿನಿಂದ, 90 ದಿನಕ್ಕಿಂತ ಹೆಚ್ಚು ಮೀರಿದವರಿಗೆ ದೇಶ ಪ್ರವೇಶಕ್ಕೇ ನಿಷೇಧ. ಇನ್ನೊಂದು ವಿಷಯವನ್ನು ನನಗೆ ಗಡಿಯಲ್ಲಿ ಸಿಕ್ಕ ಒಬ್ಬ ಹಿರಿಯರು ಕಲಿಸಿದರು: ವರ್ಷದ ವೀಸಾ ಮುಗಿಯುವ ಮುಂಚಿನ ದಿನ ಹೊರಗೆ ಹೋಗಿ ಬಂದರೆ ಅಲ್ಲಿಂದ ಮುಂದಕ್ಕೆ ಮತ್ತೆ 90 ದಿನ. ಹಾಗೆ ಒಂದು ವೀಸಾದಲ್ಲಿ ಹತ್ತಿರ ಹತ್ತಿರ 15 ತಿಂಗಳು ಇರಬಹುದು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅತ್ತೆಯವರು ನನ್ನ ದಿನಕ್ಕೆ ಕೆಂಪು ಸುತ್ತು ಹಾಕಿಡುತ್ತಿದ್ದರು. ಸೊಂಗ್‌ಕ್ರಾನ್ ಹಬ್ಬಕ್ಕೂ ಹಾಗೇ ಸುತ್ತು, ನನ್ನ ಹೋಗಿಬರುವುದಕ್ಕೂ ಹಾಗೇ ಸುತ್ತು. ಹೊರಟ ಬೆಳಗ್ಗೆ ಬಾಳೆ ಎಲೆಯಲ್ಲಿ ಅಂಟಕ್ಕಿ ಅನ್ನ, ಸುಟ್ಟ ಮೀನು ಕಟ್ಟಿ ಕೊಡುತ್ತಿದ್ದರು.

ಪಾಸ್‌ಪೋರ್ಟಿನ ಪುಟಗಳ ಕಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಲಾವೋಸಿನ ವೀಸಾ ಆಗ ಒಂದು ಪೂರ್ತಿ ಪುಟದ ಚೀಟಿಯಾಗಿತ್ತು. ಮೇಲೆ ಎರಡು ದೇಶದ ಸೀಲುಗಳು. ವರ್ಷಕ್ಕೆ ನಾಲ್ಕು ಸಲ ಹೋಗಿಬಂದರೆ 36 ಪುಟದ ಪುಸ್ತಕ ಎಷ್ಟು ದಿನ ಬಂದೀತು? ಹತ್ತು ವರ್ಷದ ಪಾಸ್‌ಪೋರ್ಟು ನಾಲ್ಕು ವರ್ಷಕ್ಕೆ ತುಂಬಿತು. ರಾತ್ರಿ ಬಸ್ಸಿನಲ್ಲಿ ಬ್ಯಾಂಕಾಕಿಗೆ ಹೋಗಿ ಹೊಸದಕ್ಕೆ ಅರ್ಜಿ ಕೊಟ್ಟೆ. ಕೇಳಿದರೆ 60 ಪುಟದ್ದು ಕೊಡುತ್ತಾರೆ, ಮೊದಲೇ ಅದನ್ನೇ ಮಾಡಿಸಿಕೊಳ್ಳಿ.

ಈ ಓಡಾಟಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಗದ್ದೆ. ಮಾವನವರದು ಹದಿನೈದು ರೈ ಭತ್ತದ ಗದ್ದೆ, ಅಂದರೆ ನಮ್ಮ ಆರು ಎಕರೆಯಷ್ಟು. ನಾನು ಬೇಸಾಯದ ಮನೆಯ ಮಗ. ನಾಟಿ ಹಾಕುವ ಹೊತ್ತಿಗೆ ಕೈಕಟ್ಟಿ ಬದುವಿನ ಮೇಲೆ ನಿಲ್ಲುವುದು ಗೊತ್ತಿಲ್ಲ. ಆದರೆ ಥಾಯ್ ಕಾನೂನಿನಲ್ಲಿ ಹೊರದೇಶದವರಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಬೇಸಾಯವೂ ಇತ್ತು. ಹೊರದೇಶದವನ ಹೆಸರಿಗೆ ಭೂಮಿ ಆಗುವುದಿಲ್ಲ. ಹೆಂಡತಿ ಭೂಮಿ ಕೊಂಡರೂ ಆ ದುಡ್ಡು ಅವಳದೇ, ನನ್ನದಲ್ಲ ಎಂದು ಗಂಡ ಭೂ ಕಚೇರಿಯಲ್ಲಿ ಬರೆದುಕೊಡಬೇಕು. ಕಾನೂನಿಗೆ ಅದರದೇ ಕಾರಣಗಳಿವೆ, ಚಿಕ್ಕ ರೈತರ ನೆಲ ಉಳಿದಿರುವುದು ಅದರಿಂದಲೇ ಎಂದು ನಾನೂ ಒಪ್ಪುತ್ತೇನೆ. ಒಪ್ಪಿದರೂ, ಮಾವನವರು ಮಲಗಿದಲ್ಲಿಂದ ಕಿಟಕಿಯಾಚೆ ಕೈ ತೋರಿಸಿ, ನೀರು ಕಟ್ಟಿದೆಯಾ ನೋಡು ಎಂದು ಸನ್ನೆ ಮಾಡಿದಾಗ ಹೊಟ್ಟೆ ಕಿವುಚುತ್ತಿತ್ತು. ನೋಡಿಬರುತ್ತಿದ್ದೆ. ನೋಡುವುದಕ್ಕೆ ನಿಷೇಧ ಇರಲಿಲ್ಲ.

ಅವರು ತೀರಿಕೊಂಡದ್ದು 2018ರಲ್ಲಿ, ಒಂದು ಶುಕ್ರವಾರ ಬೆಳಗಿನ ಜಾವ. ಕ್ಯಾಲೆಂಡರಿನ ಕೆಂಪು ಸುತ್ತು ಭಾನುವಾರದ ಮೇಲಿತ್ತು. ದಹನವೂ ಭಾನುವಾರ ಮಧ್ಯಾಹ್ನಕ್ಕೆ ಗೊತ್ತಾಯಿತು.

ಥಾಯ್ ಹೆಂಡತಿಯ ಜೊತೆ ಇರಲೆಂದು 60 ದಿನ ಹೆಚ್ಚಿಗೆ ಕೊಡುವ ಅವಕಾಶ ಇಮಿಗ್ರೇಷನ್ ಕಚೇರಿಯಲ್ಲಿದೆ, ಶುಲ್ಕ 1,900 ಬಾತ್. ಶುಕ್ರವಾರ ಆ ಕಡೆ ಯಾರಿಗೂ ಗಮನ ಹೋಗಲಿಲ್ಲ. ನೆನಪಾದದ್ದು ಶನಿವಾರ, ಕಚೇರಿಗೆ ಬಾಗಿಲು ಹಾಕಿತ್ತು. ಒಂದು ದಿನ ಮೀರಿ 500 ಬಾತ್ ಕಟ್ಟಿದರೆ ಮುಗಿಯಿತು ಎಂದು ಭಾವಮೈದ ಹೇಳಿದ. ಆದರೆ ದಂಡ ಕಟ್ಟಿದ ಗುರುತು ಪಾಸ್‌ಪೋರ್ಟಿನಲ್ಲಿ ಉಳಿಯುತ್ತದೆ, ಮುಂದಿನ ವೀಸಾ ಕೊಡುವವರು ಅದನ್ನು ನೋಡುತ್ತಾರೆ. ನನ್ನ ಬದುಕು ನಿಂತಿರುವುದೇ ಆ ಪುಸ್ತಕದ ಮೇಲೆ. ಭಾನುವಾರ ನಸುಕಿನಲ್ಲಿ ಎದ್ದೆ. ಮನೆಯಂಗಳದ ಚಪ್ಪರದ ಕೆಳಗೆ ರಾತ್ರಿಯಿಡೀ ಎದ್ದಿದ್ದ ಊರವರು ಇನ್ನೂ ಕೂತಿದ್ದರು. ಮಾವನವರ ಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚಿ, ಹೋಗಿಬರುತ್ತೇನೆ ಎಂದೆ. ಹೆಂಡತಿ ಬಾಗಿಲವರೆಗೆ ಬಂದಳು, ಏನೂ ಹೇಳಲಿಲ್ಲ.

ಸೇತುವೆಯ ಕೌಂಟರು ತೆರೆಯುವ ಮುಂಚೆಯೇ ಅಲ್ಲಿದ್ದೆ. ಲಾವೋಸಿನ ಕಡೆ ವೀಸಾ ಅಂಟಿಸಿಕೊಂಡು, ಅವರ ನೆಲದ ಮೇಲೆ ಅರ್ಧ ಗಂಟೆಯೂ ನಿಲ್ಲದೆ ತಿರುಗಿ ಸಾಲಿನಲ್ಲಿ ನಿಂತೆ. ಅಷ್ಟು ಬೇಗ ಯಾಕೆ ವಾಪಸ್ಸು ಎಂದು ಅಲ್ಲಿನ ಅಧಿಕಾರಿ ಕೇಳಿದರು. ಲಾವೋ ಭಾಷೆಯೂ ಈಸಾನಿನ ಮಾತೂ ಒಂದೇ ಬೇರಿನವು, ಹಾಗಾಗಿ ಮನೆಯಲ್ಲಿ ಕಲಿತ ಮಾತಿನಲ್ಲೇ ಹೇಳಿದೆ, ಹೆಂಡತಿಯ ಅಪ್ಪ ಸತ್ತಿದ್ದಾರೆ, ಇವತ್ತು ಸುಡುತ್ತಾರೆ ಎಂದು. ಅವರು ಸೀಲು ಒತ್ತಿ ಎರಡೂ ಕೈಯಲ್ಲಿ ಪಾಸ್‌ಪೋರ್ಟು ಕೊಟ್ಟರು. ಹತ್ತೂವರೆಗೆ ಊರಿನಲ್ಲಿದ್ದೆ. ಅಷ್ಟರಲ್ಲಿ ಹೆಂಡತಿಯ ಅಕ್ಕನ ಮಕ್ಕಳಿಬ್ಬರಿಗೂ ತಲೆ ಬೋಳಿಸಿ, ಅಜ್ಜನ ಪುಣ್ಯಕ್ಕೆಂದು ಒಂದು ದಿನದ ಭಿಕ್ಷುಗಳನ್ನಾಗಿ ಮಾಡಿ ಕೂರಿಸಿದ್ದರು. ವಿಹಾರದಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಚಿತೆಗೆ ಇಡುವ ಹೂವಿಗೆ ಅವರು 'ದೋಕ್ ಮಾಯ್ ಚನ್' ಅನ್ನುತ್ತಾರೆ. ಚನ್ ಅಂದರೆ ಚಂದನ. ಮೈಸೂರಿನ ಕಡೆಯವನಾದ ನಾನು ಆ ಹೂವನ್ನು ಮಾವನವರ ಎದೆಯ ಹತ್ತಿರ ಇಟ್ಟೆ.

ಆ ದಿನದ ಮೇಲೆ ನಾವಿಬ್ಬರೂ 4 ಲಕ್ಷ ಕೂಡಿಸಬೇಕೆಂದು ತೀರ್ಮಾನಿಸಿದೆವು. ಅವಳ ಶಾಲೆಯ ಸಂಬಳ, ನಾನು ಊರಿನಲ್ಲಿ ಬಿಟ್ಟುಬಂದಿದ್ದ ಠೇವಣಿ, ಕಡಿಮೆ ಬಿದ್ದದ್ದಕ್ಕೆ ಅಣ್ಣನ ಸಾಲ. ಪೂರ್ತಿ ಆಗುವ ಮುಂಚೆಯೇ 2020ರ ಮಾರ್ಚ್ ಬಂತು, ಎರಡೂ ಕಡೆ ಗಡಿ ಮುಚ್ಚಿತು. ನನ್ನ ದಿನ ಏಪ್ರಿಲಿನಲ್ಲಿತ್ತು. ಹೋಗಬೇಕೆಂದರೂ ಹೋಗಲು ದೇಶವಿಲ್ಲ, ಇರಲು ಅನುಮತಿಯಿಲ್ಲ. ಅವಧಿ ಮುಗಿದವರೂ ಜುಲೈ 31ರವರೆಗೆ ಇರಬಹುದು ಎಂಬ ಆದೇಶ ಬರುವ ತನಕ ನನಗೆ ಸರಿಯಾದ ನಿದ್ದೆ ಇಲ್ಲ. ಆಮೇಲೆ ಅದನ್ನು ಸೆಪ್ಟೆಂಬರ್ 26ಕ್ಕೆ ಮುಂದೂಡಿದರು. ಐದು ವರ್ಷ ನಂಬಿದ್ದ ದಾರಿ ಒಂದು ಸೇತುವೆಯ ದಾರಿ ಎಂಬುದು ಆಗ ಮೈಗೆ ಮುಟ್ಟಿತು. ದುಡ್ಡಿಲ್ಲದವನಿಗೆ ಬಾರ್ಡರ್ ರನ್ ಆಸರೆಯಾಗುತ್ತದೆ, ನನಗೂ ಆಯಿತು, ಅದರ ಋಣ ನನ್ನ ಮೇಲಿದೆ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರು, ಚಿಕ್ಕ ಮಕ್ಕಳು ಇರುವವರು ಅದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಕೂರಬಾರದು. ಸಾಲ ಮಾಡಿಯಾದರೂ ವಿಸ್ತರಣೆಯ ಕಡೆ ಹೋಗಿ. ಆ ದುಡ್ಡು ಎಲ್ಲೂ ಹೋಗುವುದಿಲ್ಲ, ನಿಮ್ಮ ಖಾತೆಯಲ್ಲೇ ಇರುತ್ತದೆ.

ಮೇ ತಿಂಗಳಲ್ಲಿ ದುಡ್ಡು ಬ್ಯಾಂಕಿಗೆ ಬಿತ್ತು. ಎರಡು ತಿಂಗಳು ಕಳೆದು ಜುಲೈನಲ್ಲಿ ಅರ್ಜಿ. ಬ್ಯಾಂಕಿನ ಪತ್ರ, ಅದೇ ದಿನ ನಮೂದು ಮಾಡಿಸಿದ ಪಾಸ್‌ಬುಕ್ಕು, ಮನೆಗೆ ಬರುವ ದಾರಿಯ ನಕ್ಷೆ, ಮನೆ ನಂಬರು ಕಾಣುವ ಹಾಗೆ ಬಾಗಿಲಲ್ಲಿ ಇಬ್ಬರೂ ನಿಂತ ಫೋಟೋ, ಒಳಗೆ ಕೂತ ಫೋಟೋ, ಸಾಕ್ಷಿ ಹೇಳುವ ನೆರೆಯವರು. ಮೊದಲು 30 ದಿನದ 'ಪರಿಶೀಲನೆಯಲ್ಲಿದೆ' ಎಂಬ ಸೀಲು. ಆ ನಡುವೆ ಇಬ್ಬರು ಅಧಿಕಾರಿಗಳು ಮನೆಗೆ ಬಂದರು. ಅತ್ತೆ ಅವರಿಗೆ ನೀರು ಕೊಟ್ಟು, ಗೋಡೆಯ ಕ್ಯಾಲೆಂಡರು ತೋರಿಸಿದರು. ಹಳೆಯ ವರ್ಷಗಳ ಕ್ಯಾಲೆಂಡರುಗಳನ್ನೂ ಅದರ ಹಿಂದೆಯೇ ನೇತುಹಾಕಿಟ್ಟಿದ್ದರು. ಒಂದೊಂದನ್ನೂ ಎತ್ತಿ, ಕೆಂಪು ಸುತ್ತುಗಳನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತ ಹೋದರು. ನಾನು ಈ ಮನೆಯವನೇ ಎಂದು ಅಷ್ಟು ಚೆನ್ನಾಗಿ ಹೇಳುವ ಕಾಗದ ನನ್ನ ಫೈಲಿನಲ್ಲಿ ಇರಲಿಲ್ಲ.

ಈಗ ವರ್ಷಕ್ಕೊಂದು ಸಲ ವಿಸ್ತರಣೆ, 90 ದಿನಕ್ಕೊಂದು ಸಲ ವಿಳಾಸ ತಿಳಿಸುವ ವರದಿ, ದೇಶ ಬಿಟ್ಟು ಹೋಗುವ ಮುಂಚೆ 1,000 ಬಾತಿನ ಮರುಪ್ರವೇಶದ ಪರವಾನಗಿ. ಇದನ್ನು ಮರೆತು ಹೊರಗೆ ಕಾಲಿಟ್ಟರೆ ಇಡೀ ವಿಸ್ತರಣೆ ಅಲ್ಲಿಗೇ ರದ್ದು, ನೆನಪಿರಲಿ.

ಸೇತುವೆ ಮತ್ತೆ ತೆರೆದದ್ದು 2022ರ ಮೇ ತಿಂಗಳಲ್ಲಿ. ಆ ವರ್ಷದ ಕೊನೆಗೆ ಶಾಲೆಗೆ ರಜೆ ಇದ್ದಾಗ ಹೆಂಡತಿ, ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗು ಅಂದಳು. ಅಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ದಾಟಿರಲಿಲ್ಲ. ಯಾರಾದರೊಬ್ಬರು ಮನೆಯಲ್ಲಿ ಇರಲೇಬೇಕಿತ್ತು. ಅವಳದು ಗಡಿ ಪಾಸಿನ ಸಾಲು, ಎರಡು ನಿಮಿಷದಲ್ಲಿ ಮುಗಿಯಿತು. ನನ್ನದು ಅದೇ ಹಳೆಯ ಸಾಲು. ಫಾರಂ, ಫೋಟೋ, ಡಾಲರು. ಮುಗಿಸಿ ಹೊರಗೆ ಬಂದಾಗ ಅವಳು ಬಿಸಿಲಿನಲ್ಲಿ ನಿಂತಿದ್ದಳು. ನಾವು ಹತ್ತಿಬಂದ ಬಸ್ಸು ಹೋಗಿತ್ತು.

"ಪ್ರತಿ ಸಲ ಇಷ್ಟು ಹೊತ್ತು ನಿಲ್ಲುತ್ತಿದ್ದೆಯಾ?" ಎಂದು ಕೇಳಿದಳು.

ಹೂಂ ಅಂದೆ. ನನ್ನ ಕೈಯಿಂದ ಪಾಸ್‌ಪೋರ್ಟು ತೆಗೆದುಕೊಂಡು ಪುಟ ತಿರುವಿ ಸೀಲು ನೋಡಿದಳು, ತನ್ನ ಚೀಲದಲ್ಲಿ ಇಟ್ಟುಕೊಂಡಳು. ಆ ಸಂಜೆ ಹೊಳೆದಂಡೆಯಲ್ಲಿ ಇಬ್ಬರೂ ಕೂತು, ಆಚೆ ದಡದಲ್ಲಿ ಒಂದೊಂದೇ ದೀಪ ಹತ್ತುವುದನ್ನು ನೋಡಿದೆವು. ಅವ್ವ ಫೋನು ಮಾಡಿದಾಗ ಮಾತಾಡಿದ್ದು ಅವಳೇ.

"ನಾನೂ ದಾಟಿ ಬಂದೆ ಅವ್ವ" ಎಂದಳು.